ತರಗತಿಗೆ ಬಾರದ ಸಹಪಾಠಿಗಳು



ನಾಳೆ ಬೆಳಿಗ್ಗೆ ಹಾಜರಿ ಕೂಗುವ ಹೊತ್ತಿಗೆ ನಿಮ್ಮ ತರಗತಿಯನ್ನು ಒಮ್ಮೆ ಸುತ್ತ ನೋಡಿ. ಕಣ್ಣು ಕಾಣದ, ಕಿವಿ ಕೇಳದ, ನಡೆಯಲು ಕಷ್ಟಪಡುವ ಅಥವಾ ಕಲಿಕೆಯಲ್ಲಿ ವಿಶೇಷ ಸಹಾಯ ಬೇಕಿರುವ ಸಹಪಾಠಿಗಳು ಎಷ್ಟು ಮಂದಿ ಇದ್ದಾರೆ? ಹೆಚ್ಚಿನ ತರಗತಿಗಳಲ್ಲಿ ಉತ್ತರ ‘ಯಾರೂ ಇಲ್ಲ’ ಅಥವಾ ‘ಒಬ್ಬರು’ ಎಂದೇ ಇರುತ್ತದೆ. ಇದನ್ನು ಕಂಡು ‘ನಮ್ಮ ಕಡೆ ಅಂಥ ಮಕ್ಕಳು ಕಡಿಮೆ’ ಎಂದುಕೊಳ್ಳುತ್ತೇವೆ. ಈಗ ನಿಮ್ಮ ಬೀದಿಯನ್ನು, ಮೊಹಲ್ಲಾವನ್ನು, ನೆಂಟರ ಮನೆಗಳನ್ನು ನೆನಪಿಸಿಕೊಳ್ಳಿ. ಮನೆಯ ಹಿಂದಿನ ಕೋಣೆಯಲ್ಲಿ ದಿನವಿಡೀ ಕೂರುವ ಒಂದು ಮಗು, ಐದನೇ ತರಗತಿಗೆ ಶಾಲೆ ಬಿಟ್ಟ ಒಬ್ಬ ಹುಡುಗ, ಮದುವೆ ಮನೆಗೆ ಕರೆತರದ ಒಬ್ಬ ಹುಡುಗಿ ನೆನಪಿಗೆ ಬರಬಹುದು. ಮಕ್ಕಳು ಊರಿನಲ್ಲಿ ಇದ್ದಾರೆ. ನಮ್ಮ ತರಗತಿಯವರೆಗೆ ಬಂದಿಲ್ಲ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಕರ್ನಾಟಕದಲ್ಲಿ ಅವರ ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. ದೇಶದಲ್ಲಿ 5ರಿಂದ 19 ವರ್ಷದೊಳಗಿನ ಅಂಗವಿಕಲ ಮಕ್ಕಳನ್ನು ನೂರು ಎಂದು ಇಟ್ಟುಕೊಂಡರೆ, ಸುಮಾರು 61 ಮಂದಿ ಶಾಲೆ ಕಾಲೇಜಿಗೆ ಹೋಗುತ್ತಿದ್ದರು. 12 ಮಂದಿ ಹೋಗಿ ಬಿಟ್ಟಿದ್ದರು. 27 ಮಂದಿ ಶಾಲೆಯ ಬಾಗಿಲನ್ನೇ ತುಳಿದಿರಲಿಲ್ಲ. ಅಂಗವಿಕಲರ ಒಟ್ಟು ಸಾಕ್ಷರತೆ ಶೇ 55ರ ಹತ್ತಿರವಿತ್ತು. ಅದರಲ್ಲೂ ಪುರುಷರು ಶೇ 62, ಮಹಿಳೆಯರು ಶೇ 45. ಎಂದರೆ ಅಂಗವೈಕಲ್ಯದ ಜೊತೆಗೆ ಹೆಣ್ಣಾಗಿ ಹುಟ್ಟಿದರೆ ಅಕ್ಷರ ಇನ್ನಷ್ಟು ದೂರ.

ಈ ಅಂತರ ಹೇಗೆ ಉಂಟಾಗುತ್ತದೆ? ‘ಅವರಿಗೆ ಆಗುವುದಿಲ್ಲ, ಅದಕ್ಕೇ ಓದಲಿಲ್ಲ’ ಎಂದು ನಾವು ಸಾಮಾನ್ಯವಾಗಿ ಹೇಳುವ ಉತ್ತರ ತಪ್ಪು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಮಗುವಿನ ಮನೆಯಿಂದ ಪಿಯು ತರಗತಿಯವರೆಗೆ ಹಲವು ಬಾಗಿಲುಗಳಿವೆ. ಒಂದೊಂದು ಬಾಗಿಲಲ್ಲೂ ಕೆಲವು ಮಕ್ಕಳು ಹಿಂದೆ ಉಳಿಯುತ್ತಾರೆ. ಆ ಬಾಗಿಲುಗಳನ್ನು ಕಟ್ಟಿದವರು ಮನುಷ್ಯರು, ತೆರೆಯಬೇಕಾದವರೂ ಮನುಷ್ಯರೇ.

ಯಾರನ್ನು ಅಂಗವಿಕಲರು ಎನ್ನುತ್ತೇವೆ?

1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಲಾಗಿತ್ತು. 2016ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿ, 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದನ್ನು 21ಕ್ಕೆ ಏರಿಸಿತು. ಅಂಧತ್ವ, ಮಂದದೃಷ್ಟಿ, ಶ್ರವಣದೋಷ, ಚಲನೆಯ ತೊಂದರೆ, ಬೌದ್ಧಿಕ ಅಂಗವೈಕಲ್ಯಗಳ ಜೊತೆಗೆ ಸೆರೆಬ್ರಲ್ ಪಾಲ್ಸಿ, ಆಟಿಸಂ, ಥಲಸ್ಸೀಮಿಯಾ, ಆ್ಯಸಿಡ್ ದಾಳಿಗೆ ತುತ್ತಾದವರು, ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಇವೆಲ್ಲ ಈಗ ಪಟ್ಟಿಯಲ್ಲಿವೆ. ವೈದ್ಯಕೀಯ ಪ್ರಮಾಣಪತ್ರದಲ್ಲಿ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದಿದ್ದರೆ ಮೀಸಲಾತಿಯಂಥ ಸೌಲಭ್ಯಗಳು ಸಿಗುತ್ತವೆ.

ಹೊರಗೆ ಕಾಣದ ಅಂಗವೈಕಲ್ಯಗಳೂ ಇವೆ ಎಂಬುದನ್ನು ಗಮನಿಸಿ. ಬೋರ್ಡಿನ ಮೇಲಿನ ಅಕ್ಷರ ಕಾಣದೆ ಪಕ್ಕದವರ ನೋಟ್ಸ್ ನೋಡಿ ಬರೆಯುವ ಹುಡುಗ ನಿಮ್ಮ ಬೆಂಚಿನಲ್ಲೇ ಇರಬಹುದು.

ಈ ಬಾಗಿಲುಗಳು ಹೇಗಿರುತ್ತವೆ ಎಂಬುದನ್ನು ತಿಳಿಯಲು ನಮ್ಮ ನಾಲ್ಕು ತಾಲ್ಲೂಕುಗಳ ನಾಲ್ಕು ಮಕ್ಕಳನ್ನು ಊಹಿಸಿಕೊಳ್ಳೋಣ. ಇವರು ನಿಜವಾದ ವ್ಯಕ್ತಿಗಳಲ್ಲ. ಆದರೆ ಇಂಥ ಪರಿಸ್ಥಿತಿ ಯಾವ ಊರಿಗೂ ಹೊಸದಲ್ಲ.

ಶ್ರೀನಿವಾಸಪುರ: ಭಾಷೆಯ ಬಾಗಿಲು

ಶ್ರೀನಿವಾಸಪುರದ ಹತ್ತಿರ, ಮಾವಿನ ತೋಪುಗಳ ನಡುವಿನ ಒಂದು ಹಳ್ಳಿ. ಹುಟ್ಟಿನಿಂದಲೇ ಕಿವಿ ಕೇಳದ ಒಂದು ಹೆಣ್ಣುಮಗು. ಮನೆಯಲ್ಲಿ ಅಮ್ಮಿ, ಅಬ್ಬಾ ಮಾತಾಡುವುದು ದಖನಿ ಉರ್ದು. ಬೀದಿಯಲ್ಲಿ ತೆಲುಗು. ಅಂಗನವಾಡಿ ಮತ್ತು ಶಾಲೆಯಲ್ಲಿ ಕನ್ನಡ. ಕಿವಿ ಕೇಳುವ ಮಗು ಮೂರನ್ನೂ ಆಟವಾಡುತ್ತಲೇ ಕಲಿಯುತ್ತದೆ. ನಮ್ಮ ಗಡಿ ಜಿಲ್ಲೆಯ ಮಕ್ಕಳಿಗೆ ಅದೊಂದು ದೊಡ್ಡ ಆಸ್ತಿ. ಆದರೆ ಕಿವಿ ಕೇಳದ ಮಗುವಿಗೆ ಈ ಮೂರರಲ್ಲಿ ಒಂದೂ ತಲುಪುವುದಿಲ್ಲ. ಅದಕ್ಕೆ ಸಹಜವಾಗಿ ದಕ್ಕುವ ಭಾಷೆ ಸನ್ನೆ ಭಾಷೆ. ಅದನ್ನು ಮನೆಯಲ್ಲಿ ಬಲ್ಲವರಿಲ್ಲ, ಶಾಲೆಯಲ್ಲೂ ಇಲ್ಲ.

ಮಗುವಿನ ಮೊದಲ ಐದು ವರ್ಷಗಳು ಭಾಷೆ ಕಲಿಯುವ ಮುಖ್ಯ ಕಾಲ. ಆಗ ಯಾವುದಾದರೂ ಒಂದು ಭಾಷೆ ಗಟ್ಟಿಯಾಗಿ ಸಿಗದಿದ್ದರೆ ಮುಂದೆ ಓದು ಬರಹ ಕಷ್ಟವಾಗುತ್ತದೆ. ಆ ಮಗುವಿಗೆ ಬುದ್ಧಿ ಕಡಿಮೆ ಇಲ್ಲ. ಬುದ್ಧಿಗೆ ಬೇಕಾದ ಭಾಷೆ ಅದಕ್ಕೆ ಸಿಕ್ಕಿಲ್ಲ. ಶಿಶುವಿನ ಕಿವಿಯನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ಪರೀಕ್ಷಿಸುವ ಸರಳ ಯಂತ್ರಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಆದರೂ ‘ಅವರ ತಾತನೂ ತಡವಾಗಿ ಮಾತು ಕಲಿತ, ಇವಳಿಗೂ ಬರುತ್ತದೆ ಬಿಡಿ’ ಎಂಬ ಒಂದು ಮಾತಿನಲ್ಲಿ ಮೂರು ನಾಲ್ಕು ವರ್ಷ ಕಳೆದುಹೋಗುತ್ತದೆ.

ಸನ್ನೆ ಭಾಷೆ ಎಂದರೆ ಕೈ ಆಡಿಸುವುದಷ್ಟೇ ಅಲ್ಲ. ಅದಕ್ಕೆ ತನ್ನದೇ ವ್ಯಾಕರಣವಿದೆ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. ಅದರ ನಿಘಂಟಿನಲ್ಲಿ 2021ರ ಹೊತ್ತಿಗೆ ಹತ್ತು ಸಾವಿರ ಪದಗಳಿದ್ದವು. ಅದೇ ವರ್ಷ ಇದನ್ನು ಪ್ರೌಢಶಾಲಾ ಹಂತದಲ್ಲಿ ಒಂದು ಭಾಷಾ ವಿಷಯವಾಗಿ ಓದಬಹುದೆಂದು ಘೋಷಿಸಲಾಯಿತು. ಮೊಬೈಲಿನಲ್ಲಿ ದಿನಕ್ಕೆ ಹತ್ತು ನಿಮಿಷ ಕೊಟ್ಟರೆ ನಾವೂ ಅದರ ಅಕ್ಷರಮಾಲೆ ಕಲಿಯಬಹುದು.

ಮುಳಬಾಗಿಲು: ದಾರಿಯ ಬಾಗಿಲು

ಎರಡನೆಯ ಮಗು ಮುಳಬಾಗಿಲು ತಾಲ್ಲೂಕಿನ ಹುಡುಗ. ಸೆರೆಬ್ರಲ್ ಪಾಲ್ಸಿ ಇದೆ. ಎಂದರೆ ಮೆದುಳು ಬೆಳೆಯುವ ಹಂತದಲ್ಲಿ ಆದ ತೊಂದರೆಯಿಂದ ಕೈಕಾಲುಗಳ ಹಿಡಿತ ಕಡಿಮೆ. ಲೆಕ್ಕದಲ್ಲಿ ಚುರುಕು. ಮನೆಯಿಂದ ಪ್ರಾಥಮಿಕ ಶಾಲೆ ಅರ್ಧ ಕಿಲೋಮೀಟರ್. ಅಬ್ಬಾ ಹೆಗಲ ಮೇಲೆ ಕೂರಿಸಿಕೊಂಡು ಬಿಟ್ಟು ಬರುತ್ತಾರೆ.

ಶಿಕ್ಷಣ ಹಕ್ಕು ಕಾಯ್ದೆಯ ನಿಯಮದಂತೆ ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರ್ ಒಳಗೆ, ಹಿರಿಯ ಪ್ರಾಥಮಿಕ ಶಾಲೆ ಮೂರು ಕಿಲೋಮೀಟರ್ ಒಳಗೆ ಇರಬೇಕು. ಪ್ರೌಢಶಾಲೆ ಇನ್ನೂ ದೂರ. ಪಿಯು ಕಾಲೇಜು ಬೇಕೆಂದರೆ ಹೋಬಳಿ ಕೇಂದ್ರಕ್ಕೋ ತಾಲ್ಲೂಕು ಕೇಂದ್ರಕ್ಕೋ ಬರಬೇಕು. ತರಗತಿ ಮೇಲೇರಿದಂತೆ ದಾರಿ ಉದ್ದವಾಗುತ್ತದೆ, ಹುಡುಗನ ತೂಕ ಹೆಚ್ಚುತ್ತದೆ, ಅಬ್ಬಾಗೆ ವಯಸ್ಸಾಗುತ್ತದೆ. ಬಿಟ್ಟುಬರಲು ಒಂದು ಗಂಟೆ, ಕರೆತರಲು ಒಂದು ಗಂಟೆ ಎಂದರೆ ದಿನಗೂಲಿಯವರಿಗೆ ಅರ್ಧ ದಿನದ ಕೂಲಿ ಹೋಯಿತು. ಟೊಮೆಟೊ ಕೊಯ್ಲಿನ ದಿನಗಳಲ್ಲಿ ಶಾಲೆಗೆ ಬಿಡುವವರೇ ಇಲ್ಲ. ಹಾಜರಾತಿ ಕಡಿಮೆಯಾಗುತ್ತದೆ, ಪಾಠ ತಪ್ಪುತ್ತದೆ, ಒಂದು ವರ್ಷ ಹೆಸರೂ ತಪ್ಪುತ್ತದೆ.

ಬಸ್ಸಿನ ವಿಷಯ ನೋಡಿ. ಅಂಗವಿಕಲರಿಗೆ ಕೆಎಸ್ಆರ್‌ಟಿಸಿ ರಿಯಾಯಿತಿ ಪಾಸ್ ಇದೆ. ಮನೆಯಿಂದ 100 ಕಿಲೋಮೀಟರ್ ವ್ಯಾಪ್ತಿಯಲ್ಲಿ ಅದನ್ನು ಬಳಸಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟೇ ಇಲ್ಲ, ಜೊತೆಗೆ ಬರುವ ತಾಯಿಗೂ ಇಲ್ಲ. ಇವು ದೊಡ್ಡ ಅನುಕೂಲಗಳು. ಆದರೆ ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲೆತ್ತರದಲ್ಲಿದೆ. ಬೆಳಗಿನ ಬಸ್ಸಿನಲ್ಲಿ ನಮಗೇ ನಿಲ್ಲಲು ಜಾಗವಿಲ್ಲ. ಟಿಕೆಟ್ ಉಚಿತವಾದರೂ ಹತ್ತಲು ಆಗದಿದ್ದರೆ ಆ ಹುಡುಗನಿಗೆ ಬಸ್ಸು ಇದ್ದೂ ಇಲ್ಲದಂತೆ.

ಶಾಲೆ ತಲುಪಿದ ಮೇಲೂ ಎರಡು ತಡೆಗಳಿವೆ. ಮೊದಲನೆಯದು ಇಳಿಜಾರು. ಇಳಿಜಾರು ಹೇಗಿರಬೇಕೆಂಬುದಕ್ಕೆ ಒಂದು ಲೆಕ್ಕವಿದೆ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಎರಡು ಅಡಿ ಎತ್ತರದ ಜಗಲಿಗೆ 24 ಅಡಿ ಇಳಿಜಾರು ಬೇಕು. ಜಾಗ ಸಾಲದೆಂದು ಆರೇಳು ಅಡಿಯಲ್ಲಿ ಮುಗಿಸಿದ ಇಳಿಜಾರು ಬೈಕು ಹತ್ತಿಸಲು ಚೆನ್ನಾಗಿರುತ್ತದೆ, ಗಾಲಿಕುರ್ಚಿಗೆ ಅಪಾಯ. ಎರಡನೆಯದು ಶೌಚಾಲಯ. ಬಾಗಿಲು ಕಿರಿದಾಗಿದ್ದರೆ, ಹಿಡಿದುಕೊಳ್ಳಲು ಕಂಬಿ ಇಲ್ಲದಿದ್ದರೆ ಮಗು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ಕೂರುತ್ತದೆ. ದೊಡ್ಡವಳಾದ ಹೆಣ್ಣುಮಗುವಾದರೆ ಮನೆಯವರು ಶಾಲೆಯನ್ನೇ ಬಿಡಿಸುತ್ತಾರೆ. ಶಾಲೆ ಬಿಟ್ಟದ್ದಕ್ಕೆ ದಾಖಲೆಯಲ್ಲಿ ‘ಆಸಕ್ತಿ ಇಲ್ಲ’ ಎಂದು ಬರೆದರೆ ಅದು ನಿಜವಾದ ಕಾರಣವಲ್ಲ.

ನಮ್ಮ ಜಿಲ್ಲೆಗೆ ಇನ್ನೊಂದು ಸಂಕಟವಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದಲ್ಲಿ ಹಲವು ಹಳ್ಳಿಗಳು ಆಳದ ಬೋರ್‌ವೆಲ್ ನೀರನ್ನೇ ಕುಡಿದಿವೆ. ಆ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿರುವ ಜಾಗಗಳಿವೆ. ಬಹುಕಾಲ ಅಂಥ ನೀರು ಕುಡಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುವುದಷ್ಟೇ ಅಲ್ಲ, ಮೂಳೆ ಮತ್ತು ಕೀಲುಗಳು ಬಿಗಿಯುತ್ತವೆ. ನಡೆಯಲು ಕಷ್ಟಪಡುವವರನ್ನು ಕಂಡು ‘ಹಣೆಬರಹ’ ಎನ್ನುವ ಮೊದಲು ಕುಡಿಯುವ ನೀರನ್ನೂ ಪರೀಕ್ಷಿಸಬೇಕು.

ಮಾಲೂರು: ಗುರುತಿಸುವ ಬಾಗಿಲು

ಮೂರನೆಯ ಮಗು ಮಾಲೂರಿನ ಕಡೆಯವನು. ತಂದೆ ತಾಯಿ ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಾರೆ. ಹುಡುಗ ಚೆನ್ನಾಗಿ ಓಡುತ್ತಾನೆ, ಮಾತಾಡುತ್ತಾನೆ, ಅಂಗಡಿಯ ಲೆಕ್ಕ ಬಾಯಲ್ಲೇ ಹೇಳುತ್ತಾನೆ. ಆದರೆ ಪುಸ್ತಕ ತೆರೆದರೆ ಅಕ್ಷರಗಳು ಕೈಗೆ ಸಿಗುವುದಿಲ್ಲ. ಒತ್ತಕ್ಷರಗಳು ತಲೆಕೆಳಗಾಗುತ್ತವೆ. ‘ದಡ್ಡ’, ‘ಸೋಮಾರಿ’ ಎಂಬ ಹೆಸರು ಬರುತ್ತದೆ. ಇದು ಡಿಸ್ಲೆಕ್ಸಿಯಾ ಇರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. 2007ರಲ್ಲಿ ಬಂದ ‘ತಾರೇ ಜಮೀನ್ ಪರ್’ ಚಿತ್ರ ನೋಡಿದವರಿಗೆ ಇದು ಗೊತ್ತಿರುತ್ತದೆ. ಆದರೆ ಚಿತ್ರದಲ್ಲಿ ಗುರುತಿಸುವ ಶಿಕ್ಷಕರೊಬ್ಬರು ಬರುತ್ತಾರೆ. ಎಲ್ಲ ಶಾಲೆಗಳಿಗೂ ಅಂಥವರು ಬರುವುದಿಲ್ಲ.

ಎಂಟನೇ ತರಗತಿಯವರೆಗೆ ಸಾಮಾನ್ಯವಾಗಿ ಮಕ್ಕಳು ಮುಂದಿನ ತರಗತಿಗೆ ಹೋಗುತ್ತಾರೆ. ಹುಡುಗನ ತೊಂದರೆ ಎದ್ದು ಕಾಣುವುದು ಒಂಬತ್ತನೇ ತರಗತಿಯಲ್ಲಿ, ಶಾಲೆಗೆ ಎಸ್ಎಸ್ಎಲ್‌ಸಿ ಫಲಿತಾಂಶದ ಚಿಂತೆ ಶುರುವಾದಾಗ. ಅಷ್ಟರಲ್ಲಿ ಎಂಟು ವರ್ಷ ಹೋಗಿರುತ್ತದೆ. ಗೂಡಿನ ಕೆಲಸ ಅವನಿಗಾಗಿ ಕಾಯುತ್ತಿರುತ್ತದೆ.

ಗುರುತಿಸಿ ಕಲಿಸಲು ವಿಶೇಷ ಶಿಕ್ಷಕರು ಬೇಕು. ಕರ್ನಾಟಕದಲ್ಲಿ ಸಮಗ್ರ ಶಿಕ್ಷಣದ ಸಮನ್ವಯ ಶಿಕ್ಷಣ ವಿಭಾಗದಲ್ಲಿ ತಾಲ್ಲೂಕಿಗೆ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆಯೂ ಇದೆ. ಆದರೆ ಇಡೀ ತಾಲ್ಲೂಕಿನ ಶಾಲೆಗಳಿಗೆ ಅವರು ಕೆಲವೇ ಮಂದಿ. ಸುಪ್ರೀಂ ಕೋರ್ಟ್ 2021ರಲ್ಲಿ ಈ ಕೊರತೆಯನ್ನು ಗಮನಿಸಿದ ಮೇಲೆ, ಕೇಂದ್ರ ಸರ್ಕಾರ 2022ರಲ್ಲಿ ಒಂದರಿಂದ ಐದನೇ ತರಗತಿಯ ಹತ್ತು ಅಂಗವಿಕಲ ಮಕ್ಕಳಿಗೆ ಒಬ್ಬರು, ಆರರಿಂದ ಎಂಟರ ಹದಿನೈದು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕು ಎಂದು ನಿಗದಿ ಮಾಡಿತು. ಈ ಅನುಪಾತ ಕಾಗದದಿಂದ ಶಾಲೆಯವರೆಗೆ ಬರಬೇಕಿದೆ.

ಕೋಲಾರ: ಪರೀಕ್ಷೆಯ ಬಾಗಿಲು

ನಾಲ್ಕನೆಯವನು ಕೋಲಾರ ನಗರದ ಹುಡುಗ. ಮಂದದೃಷ್ಟಿ. ಎಲ್ಲ ಬಾಗಿಲುಗಳನ್ನೂ ದಾಟಿ ಎಸ್ಎಸ್ಎಲ್‌ಸಿ ಪಾಸಾಗಿದ್ದಾನೆ. ವಿಜ್ಞಾನ ಓದುವ ಆಸೆ. ‘ಪ್ರಾಕ್ಟಿಕಲ್ಸ್ ಹೇಗೆ ಮಾಡುತ್ತೀಯಪ್ಪ? ಸುಮ್ಮನೆ ಕಲಾ ವಿಭಾಗ ತಗೋ, ಎಚ್ಇಪಿಎಸ್ ಸುಲಭ’ ಎಂದು ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಕಲಾ ವಿಭಾಗ ಕೀಳೇನೂ ಅಲ್ಲ. ಆದರೆ ಅದು ಅವನ ಆಯ್ಕೆಯಾಗಬೇಕಿತ್ತು.

ಪರೀಕ್ಷೆಯ ವಿಷಯದಲ್ಲಿ ನಿಯಮಗಳು ಅವನ ಪರವಾಗಿವೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಂತೆ ಅರ್ಹರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಬರೆಯಲಾಗದವರಿಗೆ ಉತ್ತರ ಬರೆದುಕೊಡುವ ಸ್ಕ್ರೈಬ್ ಸಹಾಯ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತು: ಶೇ 40ರ ಮಿತಿ ಮೀಸಲಾತಿಗೆ ಸಂಬಂಧಿಸಿದ್ದು, ಬರೆಯಲು ತೊಂದರೆ ಇರುವವರಿಗೆ ಸ್ಕ್ರೈಬ್ ನಿರಾಕರಿಸಲು ಅದನ್ನು ನೆಪ ಮಾಡಬಾರದು. ಶೇ 40ಕ್ಕಿಂತ ಕಡಿಮೆ ಇರುವವರಿಗಾಗಿ 2022ರಲ್ಲಿ ಪ್ರತ್ಯೇಕ ಮಾರ್ಗಸೂಚಿ ಬಂತು. ನೀಟ್ ಬರೆದ ಅವನಿ ಪ್ರಕಾಶ್ ಎಂಬ ವಿದ್ಯಾರ್ಥಿನಿಗೆ ಹೆಚ್ಚುವರಿ ಸಮಯ ಕೊಡದೆ ಇದ್ದದ್ದು ತಪ್ಪು ಎಂದು 2021ರ ನವೆಂಬರ್‌ನಲ್ಲಿ ನ್ಯಾಯಾಲಯ ಹೇಳಿತು. ಶೇ 40 ಅಥವಾ ಹೆಚ್ಚು ಅಂಗವೈಕಲ್ಯ ಇದೆ ಎಂಬ ಒಂದೇ ಕಾರಣಕ್ಕೆ ಎಂಬಿಬಿಎಸ್ ಸೀಟು ನಿರಾಕರಿಸುವಂತಿಲ್ಲ, ವಿದ್ಯಾರ್ಥಿಯ ನಿಜವಾದ ಸಾಮರ್ಥ್ಯ ನೋಡಬೇಕು ಎಂದು 2024ರ ಅಕ್ಟೋಬರ್‌ನಲ್ಲಿ ಓಂಕಾರ್ ಗೊಂಡ್ ಪ್ರಕರಣದಲ್ಲಿ ತೀರ್ಪು ಬಂತು.

ಹಾಗಾದರೆ ತೊಂದರೆ ಎಲ್ಲಿ? ಈ ಸೌಲಭ್ಯ ಪರೀಕ್ಷೆಯ ದಿನ ತಾನಾಗಿ ಸಿಗುವುದಿಲ್ಲ. ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಕಾಲೇಜಿನ ಮೂಲಕ ಮೊದಲೇ ಅರ್ಜಿ ಹೋಗಬೇಕು. ಪ್ರಮಾಣಪತ್ರ ಇಲ್ಲದ, ಸುತ್ತೋಲೆ ತಿಳಿಯದ, ಕೇಳಲು ನಾಚುವ ವಿದ್ಯಾರ್ಥಿಗೆ ಹಕ್ಕು ಇದ್ದೂ ಕೈಗೆ ಸಿಗುವುದಿಲ್ಲ. ಹೀಗಾಗಿ ಈ ಬಾಗಿಲನ್ನು ತೆರೆದಿಡುವುದು ಮೊದಲು ಕಾಲೇಜಿನ ಕೆಲಸ.

ವಿಶೇಷ ಶಾಲೆಯೋ, ಸಾಮಾನ್ಯ ಶಾಲೆಯೋ?

‘ಇವರಿಗೆಂದೇ ಶಾಲೆಗಳಿವೆಯಲ್ಲ, ಅಲ್ಲಿ ಓದಲಿ’ ಎನ್ನುವವರಿದ್ದಾರೆ. ವಿಶೇಷ ಶಾಲೆಗಳ ಕೊಡುಗೆ ಸಣ್ಣದಲ್ಲ. ಮೈಸೂರಿನಲ್ಲಿ 1901ರಲ್ಲೇ ಎಂ. ಶ್ರೀನಿವಾಸ ರಾವ್ ಅವರು ಅಂಧ ಮತ್ತು ಕಿವುಡ ಮಕ್ಕಳಿಗಾಗಿ ಶಾಲೆ ಆರಂಭಿಸಿದರು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಕೆಂಪಹೊನ್ನಯ್ಯ ಅವರು ಮೂರನೇ ತರಗತಿಯಲ್ಲಿ ದೃಷ್ಟಿ ಕಳೆದುಕೊಂಡ ಮೇಲೆ ಮೈಸೂರಿನ ಸರ್ಕಾರಿ ಅಂಧರ ಶಾಲೆಯಲ್ಲಿ ಓದಿ, ಪಿಯು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕರಾದರು. 2016ರ ಯುಪಿಎಸ್‌ಸಿ ಪರೀಕ್ಷೆಯಲ್ಲಿ 340ನೇ ರ‍್ಯಾಂಕ್ ಪಡೆದು ಐಎಎಸ್ ಸೇರಿದರು. ಅವರ ಪತ್ನಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕೊಡುತ್ತಿದ್ದರು. ಇಂಥ ಸುದ್ದಿ ಓದಿದಾಗ ನಾವು ಅವರ ಛಲವನ್ನು ಮಾತ್ರ ಹೊಗಳುತ್ತೇವೆ. ಛಲ ಅವರದೇ, ನಿಜ. ಅದರ ಜೊತೆಗೆ ಸರಿಯಾದ ವಯಸ್ಸಿನಲ್ಲಿ ಸಿಕ್ಕ ಶಾಲೆ, ಓದಲು ಸಿಕ್ಕ ಲಿಪಿ, ಪಕ್ಕದಲ್ಲಿ ಕೂತು ಓದಿ ಹೇಳಿದ ಒಂದು ಧ್ವನಿ ಇವೂ ಇದ್ದವು. ಇವು ಸಿಗದ ಛಲಗಾರರು ಎಷ್ಟು ಮಂದಿ ಮನೆಯಲ್ಲೇ ಉಳಿದರು ಎಂಬ ಸುದ್ದಿ ಪತ್ರಿಕೆಯಲ್ಲಿ ಬರುವುದಿಲ್ಲ.

ಎಲ್ಲರೂ ಮೈಸೂರಿಗೋ ಬೆಂಗಳೂರಿಗೋ ಹೋಗಿ ಹಾಸ್ಟೆಲಿನಲ್ಲಿ ಇರಲಾರರು. ಹೆಣ್ಣುಮಕ್ಕಳನ್ನು ದೂರ ಕಳಿಸಲು ಎಷ್ಟೋ ಮನೆಗಳು ಒಪ್ಪುವುದಿಲ್ಲ. ಅದಕ್ಕೇ ಕಾನೂನು ಎರಡೂ ದಾರಿಯನ್ನು ತೆರೆದಿಟ್ಟಿದೆ. ಶೇ 40 ಅಥವಾ ಹೆಚ್ಚು ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಿ ಅಥವಾ ತನಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ ಎಂದು 2016ರ ಕಾಯ್ದೆಯ 31ನೇ ಕಲಂ ಹೇಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೆ ನಿಲ್ಲುತ್ತದೆ. ಇದು 18ರವರೆಗೆ, ಅಂದರೆ ಪಿಯು ವಯಸ್ಸಿನವರೆಗೆ ಬರುತ್ತದೆ.

ನಮ್ಮಂಥ ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆಯೇ?

ಸಿಬ್ಬಂದಿ ಕೊಠಡಿಯಲ್ಲಿ ಆಗಾಗ ಬರುವ ಪ್ರಶ್ನೆ ಇದು. ಅಲ್ಪಸಂಖ್ಯಾತ ಆಡಳಿತದ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಪ್ರಮತಿ ಪ್ರಕರಣದಲ್ಲಿ ಹೇಳಿತ್ತು. ಅದನ್ನು ಕೇಳಿ ಅಂಗವಿಕಲ ಮಕ್ಕಳ ವಿಷಯದಲ್ಲೂ ನಮಗೆ ಹೊಣೆಯಿಲ್ಲ ಎಂದು ಭಾವಿಸಬಾರದು. 2016ರ ಕಾಯ್ದೆಯ 16ನೇ ಕಲಂ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಿಕ್ಷಣ ಸಂಸ್ಥೆಗಳ ಬಗ್ಗೆ ಮಾತಾಡುತ್ತದೆ. ತಾರತಮ್ಯವಿಲ್ಲದೆ ಸೇರಿಸಿಕೊಳ್ಳುವುದು, ಕಟ್ಟಡ ಮತ್ತು ಸೌಲಭ್ಯಗಳು ಕೈಗೆಟಕುವಂತೆ ಮಾಡುವುದು, ಪ್ರತಿ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆ, ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸುವುದು ಇವೆಲ್ಲ ಅದರಲ್ಲಿವೆ. ಹಿಂದೆ ಉಳಿದವರಿಗೆ ಓದಿನ ದಾರಿ ತೆರೆಯಲೆಂದೇ ಹುಟ್ಟಿದ ಸಂಸ್ಥೆಗಳಿಗೆ ಇದು ಹೊರಗಿನಿಂದ ಬಂದ ಹೊರೆ ಅನ್ನಿಸಬಾರದು.

ಎಲ್ಲಿ ಕೇಳಬೇಕು?

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಮಗು ಇದ್ದರೆ ಈ ಮಾಹಿತಿಯನ್ನು ಮನೆಯವರಿಗೆ ತಿಳಿಸಿ.

ಗ್ರಾಮ ಪಂಚಾಯಿತಿಯಲ್ಲಿ: ವಿಆರ್‌ಡಬ್ಲ್ಯು ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಅವರೂ ಅಂಗವಿಕಲರೇ. ಪಿಂಚಣಿ, ಸಾಧನ ಸಲಕರಣೆ, ಅರ್ಜಿಗಳ ಮಾಹಿತಿ ಕೊಡುತ್ತಾರೆ. ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯು ಇರುತ್ತಾರೆ.

ಗುರುತಿನ ಚೀಟಿ: ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಆಸ್ಪತ್ರೆಯಲ್ಲಿ ತಪಾಸಣೆಗೆ ಹೋಗಬೇಕು. ನಮ್ಮ ಜಿಲ್ಲೆಯಲ್ಲಿ ಕೋಲಾರದ ಎಸ್ಎನ್ಆರ್ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಬಹುತೇಕ ಎಲ್ಲ ಸೌಲಭ್ಯಕ್ಕೂ ಈ ಕಾರ್ಡೇ ಮೊದಲ ಹೆಜ್ಜೆ.

ಶಾಲಾ ಮಕ್ಕಳಿಗೆ: ಆಯಾ ತಾಲ್ಲೂಕಿನ ಬಿಇಒ ಕಚೇರಿ ಮತ್ತು ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಅವರನ್ನು ಕೇಳಿ. ಸಮಗ್ರ ಶಿಕ್ಷಣದಲ್ಲಿ ಅಂಗವಿಕಲ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಪ್ರೋತ್ಸಾಹಧನವಿದೆ. ಅದು 12ನೇ ತರಗತಿಯವರೆಗೂ ಸಲ್ಲುತ್ತದೆ.

ಪಿಯು ಮತ್ತು ನಂತರ: ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅಂಗವಿಕಲರಿಗಾಗಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ ಮಾತ್ರ ಗೊತ್ತಿರುವ ನಮ್ಮ ಅನೇಕ ಮನೆಗಳಿಗೆ ಇದು ತಿಳಿದಿಲ್ಲ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ರಷ್ಟು ಸೀಟುಗಳು ಮೀಸಲು. ವಯೋಮಿತಿಯಲ್ಲೂ ಐದು ವರ್ಷದ ಸಡಿಲಿಕೆ ಇದೆ.

ನಾವು ಮಾಡಬಹುದಾದದ್ದು

ಸರ್ಕಾರ ಮಾಡಬೇಕಾದದ್ದು ಸರ್ಕಾರಕ್ಕೆ ಇರಲಿ. ಖರ್ಚಿಲ್ಲದೆ ಈ ವಾರವೇ ನಾವು ಮಾಡಬಹುದಾದ ಕೆಲಸಗಳಿವೆ.

ಒಂದು ಅಳತೆ ಟೇಪು ತನ್ನಿ. ನಮ್ಮ ಕಾಲೇಜಿನ ಇಳಿಜಾರಿನ ಎತ್ತರ, ಉದ್ದ ಅಳೆಯಿರಿ. ಶೌಚಾಲಯದ ಬಾಗಿಲು ಅಳೆಯಿರಿ. ಗಾಲಿಕುರ್ಚಿಗೆ ಸುಮಾರು 90 ಸೆಂಟಿಮೀಟರ್ ಅಗಲ ಬೇಕು. ಕಂಡದ್ದನ್ನು ಬರೆದು ಪ್ರಾಂಶುಪಾಲರಿಗೆ ಕೊಡಿ.

ಮೆಟ್ಟಿಲು ಹತ್ತಲಾಗದ ಒಬ್ಬ ವಿದ್ಯಾರ್ಥಿ ಸೇರಿದರೂ ಆ ಸೆಕ್ಷನ್ ನೆಲಮಹಡಿಗೆ ಬರಬಹುದು. ವೇಳಾಪಟ್ಟಿ ಬದಲಿಸಿದರೆ ಸಾಕು.

ಮೊಬೈಲನ್ನು ಒಳ್ಳೆಯದಕ್ಕೆ ಬಳಸಿ. ಆಂಡ್ರಾಯ್ಡ್ ಫೋನುಗಳಲ್ಲಿ ಪರದೆಯ ಮೇಲಿನದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಇದೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. ಪಾಠದ ನೋಟ್ಸನ್ನು ಓದಿ ಧ್ವನಿಮುದ್ರಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ, ಕಣ್ಣು ಕಾಣದ ಸಹಪಾಠಿಗೆ ಅದೇ ಪುಸ್ತಕ. ಉಪನ್ಯಾಸಕರು ಬೋರ್ಡಿನ ಮೇಲೆ ಬರೆಯುವಾಗ ಬರೆದದ್ದನ್ನು ಗಟ್ಟಿಯಾಗಿ ಹೇಳಬೇಕು. ಪಾಠ ಹೇಳುವಾಗ ವಿದ್ಯಾರ್ಥಿಗಳ ಕಡೆಗೆ ಮುಖ ಇಟ್ಟರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುವವರಿಗೆ ಅನುಕೂಲ.

ಸ್ಕ್ರೈಬ್ ಆಗಲು ಹೆಸರು ಕೊಡಿ. ಸ್ಕ್ರೈಬ್ ಆಗುವವರು ಪರೀಕ್ಷೆ ಬರೆಯುವವರಿಗಿಂತ ಕೆಳಗಿನ ತರಗತಿಯವರಾಗಿರಬೇಕು. ಆ ವರ್ಷದ ಸುತ್ತೋಲೆಗೆ ಹೊಂದಿದರೆ ಪ್ರಥಮ ಪಿಯು ವಿದ್ಯಾರ್ಥಿಗಳು ದ್ವಿತೀಯ ಪಿಯುವಿನವರಿಗೆ ಬರೆಯಬಹುದು. ಮೂರ್ನಾಲ್ಕು ದಿನ ಮೊದಲೇ ಜೊತೆಯಲ್ಲಿ ಕೂತು ಅಭ್ಯಾಸ ಮಾಡಿ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯಿರಿ, ನೀವು ತಿದ್ದಬಾರದು.

ಮಾತಿನ ಬಗ್ಗೆ ಎಚ್ಚರವಿರಲಿ. ಕುಂಟ, ಕುರುಡಿ, ಲಂಗ್ಡಾ, ಗೂಂಗಾ ಎಂಬ ಅಡ್ಡಹೆಸರುಗಳು ಯಾವ ಭಾಷೆಯಲ್ಲಾದರೂ ಒಂದೇ ಗಾಯ ಮಾಡುತ್ತವೆ. ಅತಿಯಾದ ಅಯ್ಯೋ ಪಾಪವೂ ಬೇಡ. ಹೆಸರು ಹಿಡಿದು ಕರೆಯಿರಿ. ಸಹಾಯ ಮಾಡುವ ಮೊದಲು ‘ಬೇಕಾ?’ ಎಂದು ಕೇಳಿ.

ಕೊನೆಯದಾಗಿ, ರಜೆಗೆ ಊರಿಗೆ ಹೋದಾಗ ಆ ಹಿಂದಿನ ಕೋಣೆಯಲ್ಲಿ ಕೂತಿರುವ ಮಗುವಿನ ಬಗ್ಗೆ ಮನೆಯ ಹಿರಿಯರನ್ನು ವಿಚಾರಿಸಿ: ಕಾರ್ಡ್ ಆಗಿದೆಯೇ? ಶಾಲೆಯಲ್ಲಿ ಹೆಸರಿದೆಯೇ? ಕಿವಿ, ಕಣ್ಣು ಪರೀಕ್ಷೆ ಮಾಡಿಸಿದ್ದಾರೆಯೇ? ನಾವು ಅರ್ಜಿ ತುಂಬಬಲ್ಲೆವು, ಕನ್ನಡದ ಸುತ್ತೋಲೆಯನ್ನು ಉರ್ದುವಿನಲ್ಲೋ ತೆಲುಗಿನಲ್ಲೋ ಅಮ್ಮನಿಗೆ ಬಿಡಿಸಿ ಹೇಳಬಲ್ಲೆವು, ಆಸ್ಪತ್ರೆಗೆ ಜೊತೆಗೆ ಹೋಗಬಲ್ಲೆವು. ಪಿಯು ಓದುವ ನಮಗೆ ಇಷ್ಟು ತಿಳಿದಿದೆ. ಆ ಮನೆಯಲ್ಲಿ ಬಹುಶಃ ಮೊದಲ ಬಾರಿಗೆ ಇದನ್ನು ತಿಳಿದವರು ನಾವೇ ಆಗಿರುತ್ತೇವೆ.

ಇಂದು ಆರು ವರ್ಷದ ಒಂದು ಮಗು ಶಾಲೆಗೆ ಸೇರಿದರೆ, ಹತ್ತು ವರ್ಷದ ನಂತರ ನಮ್ಮ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಹೆಚ್ಚಾಗುತ್ತದೆ.